ಸುಣ್ಣದ ಗೂಡಿನ ಆಮೆನ್

"ಅಯ್ಯನವರೇ, ದೇವರು ಎಲ್ಲೆಡೆಯೂ ಇದ್ದಾನೆ ಎಂದು ನೀವೇ ಕಲಿಸಿದಿರಿ. ಹಾಗಿದ್ದ ಮೇಲೆ ಆದಿತ್ಯವಾರ ಬಂತೆಂದರೆ ಎಲ್ಲರ ಜೊತೆ ಕೂತೇ ಆರಾಧಿಸಬೇಕು ಎಂದು ಯಾಕೆ ಹಟ ಹಿಡಿಯುತ್ತೀರಿ?" ಎಂದು ಎಫ್ರಾಯೀಮ ಕೇಳಿದ.

ಯೋನಾ ಉಪದೇಶಿಗಳು ದೇವಾಲಯದ ಜಗಲಿಯಲ್ಲಿ ಕೂತು, ಹರಿದುಹೋದ ಕೀರ್ತನೆ ಪುಸ್ತಕಗಳ ಬೆನ್ನಿಗೆ ಅಂಟು ಹಚ್ಚುತ್ತಿದ್ದರು. ಎಫ್ರಾಯೀಮ ಅವರ ಬಳಿಯೇ ವೇದಪಾಠ ಕಲಿತವನು. ಈಚೆಗೆ ಕೆಲವು ವಾರಗಳಿಂದ ಆರಾಧನೆಗೆ ಬಂದಿರಲಿಲ್ಲ. ಯಾಕೆ ಬರಲಿಲ್ಲ ಎಂದು ಉಪದೇಶಿಗಳು ಕೇಳಿರಲಿಲ್ಲ. ಅವರು ಕೇಳದೇ ಇದ್ದುದೇ ಅವನನ್ನು ಇಲ್ಲಿಯವರೆಗೆ ಎಳೆದು ತಂದಿತ್ತು.

"ಮನೆಯಲ್ಲಿ ಚೆನ್ನಾಗಿ ನಡೆಯುತ್ತದೆಯೋ ಪ್ರಾರ್ಥನೆ?" ಎಂದರು ಉಪದೇಶಿಗಳು.

"ತುಂಬ ಚೆನ್ನಾಗಿ. ಇಲ್ಲಿ ಮುಂದಿನ ಬೆಂಚಿನವರ ಮುಖ ಕಂಡರೆ ಸಾಕು, ಇದ್ದ ಭಕ್ತಿಯೂ ಇಳಿದುಹೋಗುತ್ತದೆ. ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತರೆ ಹಾಗಲ್ಲ. ಹೇಳಿದ್ದನ್ನೆಲ್ಲ ಯಾರೋ ಪಕ್ಕದಲ್ಲೇ ಕೂತು ಒಪ್ಪಿಕೊಂಡಂತೆ ಇರುತ್ತದೆ."

ಅಂಟು ಹಚ್ಚುತ್ತಿದ್ದ ಕೈ ನಿಂತಿತು. "ಹೇಳಿದ್ದನ್ನೆಲ್ಲ?"

"ಎಲ್ಲವನ್ನೂ."

ಉಪದೇಶಿಗಳು ಪುಸ್ತಕವನ್ನು ಬದಿಗಿಟ್ಟು ಕೈ ಒರೆಸಿಕೊಂಡರು. "ಹಾಗಾದರೆ ಕೂತುಕೋ. ಒಬ್ಬ ಸುಣ್ಣಗಾರನ ಕತೆ ಹೇಳುತ್ತೇನೆ," ಎಂದು ಶುರುಮಾಡಿದರು.

ಹೊಳೆ ಸಮುದ್ರ ಸೇರುವಲ್ಲಿ ಒಂದು ಊರು. ಅಲ್ಲಿ ಒಬ್ಬ ಸುಣ್ಣಗಾರ. ಹೊಳೆಯಿಂದ ಚಿಪ್ಪು ತಂದು, ಇದ್ದಿಲಿನ ಜೊತೆ ಗೂಡಿಗೆ ತುಂಬಿ, ಸುಟ್ಟು ಸುಣ್ಣ ಮಾಡುವುದು ಅವನ ಕಸುಬು. ಅವನಿಗೆ ಒಬ್ಬ ತಮ್ಮ. ತಮ್ಮನದೂ ಅದೇ ಕಸುಬು. ಆಚೆ ದಂಡೆಯಲ್ಲಿ ಅವನ ಗೂಡು. ಇಬ್ಬರೂ ಒಂದೇ ದೇವಾಲಯದ ಸಭೆಯವರು.

ಆ ಸಭೆಯಲ್ಲಿ ಒಂದು ರೂಢಿ ಇತ್ತು. ಆರಾಧನೆಯ ನಡುವೆ ಯಾರು ಬೇಕಾದರೂ ಎದ್ದು ನಿಂತು ಬಾಯಿಬಿಟ್ಟು ಪ್ರಾರ್ಥಿಸಬಹುದು. ಮುಗಿದ ಮೇಲೆ ಸಭೆ ಆಮೆನ್, ಅಂದರೆ ಹಾಗೆಯೇ ಆಗಲಿ, ಎನ್ನುತ್ತದೆ. ಆದರೆ ಮನಸ್ಸು ಒಪ್ಪದೆ ಆಮೆನ್ ಎನ್ನುವಂತಿಲ್ಲ. ಎಂದರೆ ದೇವರ ಮುಂದೆ ಸುಳ್ಳುಸಾಕ್ಷಿ ಹೇಳಿದಂತೆ. ಆಮೆನ್ ಸಿಗದ ಪ್ರಾರ್ಥನೆಯನ್ನು ಮನೆಗೆ ಕೊಂಡುಹೋಗಿ, ತಿದ್ದಿ, ಮುಂದಿನ ಆದಿತ್ಯವಾರ ಮತ್ತೆ ತರಬೇಕು. ಯಾರೂ ಬೈಯುವುದಿಲ್ಲ. ಯಾರೂ ಬುದ್ಧಿ ಹೇಳುವುದಿಲ್ಲ. ಸುಮ್ಮನಿರುತ್ತಾರೆ, ಅಷ್ಟೆ. ಬೈದರೇ ಎಷ್ಟೋ ವಾಸಿ ಎಂದು ಅದನ್ನು ಉಂಡವರು ಹೇಳುತ್ತಿದ್ದರು.

ಪ್ರತಿವರ್ಷ ಕ್ರಿಸ್ಮಸ್ಸಿಗೆ ಮುಂಚೆ ದೇವಾಲಯದ ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಸುಣ್ಣ ಯಾವಾಗಲೂ ಅಣ್ಣನ ಗೂಡಿನದು. ಅದು ಅವನಿಗೊಂದು ಹೆಮ್ಮೆ. ಒಂದು ವರ್ಷ ಗೋಡೆಗೆ ಒರಗಿದವರ ಬೆನ್ನೆಲ್ಲ ಬೆಳ್ಳಗಾಯಿತು. ಗೋಡೆಯನ್ನು ಬೆರಳಿನಿಂದ ಉಜ್ಜಿ ನೋಡಿದ ತಮ್ಮ, ಎಲ್ಲರ ಎದುರಿಗೇ, "ಅಣ್ಣಾ, ಸುಣ್ಣ ಸರಿಯಾಗಿ ಬೆಂದಿಲ್ಲ," ಎಂದುಬಿಟ್ಟ. ಮಾತು ಸುಳ್ಳಾಗಿದ್ದರೆ ಅಣ್ಣ ನಕ್ಕು ಸುಮ್ಮನಾಗುತ್ತಿದ್ದನೋ ಏನೋ. ನಿಜವಾಗಿತ್ತು. ಮರುವರ್ಷ ಸಭೆಯ ಹಿರಿಯರು ತಮ್ಮನ ಗೂಡಿನಿಂದ ಸುಣ್ಣ ತರಿಸಿದರು.

ಆ ಸುಣ್ಣ ಬಳಿದ ಆದಿತ್ಯವಾರ ಸುಣ್ಣಗಾರ ಎದ್ದು ನಿಂತ. ಸಿಟ್ಟು ನೆತ್ತಿಗೇರಿತ್ತು. "ಕರ್ತನೇ, ನಾಲ್ಕು ಜನರ ಮುಂದೆ ನನ್ನ ತಲೆ ತಗ್ಗಿಸಿದವನ ಕಣ್ಣಿಗೆ ಕತ್ತಲೆ ಕವಿಯಲಿ," ಎಂದು ಪ್ರಾರ್ಥಿಸಿ ಕಾದ.

ಸಭೆ ಸುಮ್ಮನಿತ್ತು. ಮುಂದಿನ ಸಾಲಿನಲ್ಲಿ ಒಬ್ಬ ಮುದುಕಿ ಕೂತಿದ್ದಳು. ಅಣ್ಣತಮ್ಮ ಇಬ್ಬರನ್ನೂ ಎತ್ತಿ ಆಡಿಸಿದವಳು. ಯಾರ ಪ್ರಾರ್ಥನೆಗಾದರೂ ಅವಳ ಆಮೆನ್ನೇ ಎಲ್ಲರಿಗಿಂತ ಜೋರು. ಅವಳೂ ತುಟಿ ಬಿಚ್ಚಲಿಲ್ಲ. ಸುಣ್ಣಗಾರ ಚಪ್ಪಲಿ ಮೆಟ್ಟಿ ಹೊರಟುಹೋದ. ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ.

ಅವನ ಮನೆಯ ಹಿಂದೆ ಅಪ್ಪನ ಕಾಲದ ಹಳೆಯ ಗೂಡೊಂದು ಇತ್ತು. ಬೆಂಕಿ ಕಾಣದೆ ಎಷ್ಟೋ ವರ್ಷವಾಗಿತ್ತು. ಕೆಳಗೆ ಬೆಂಕಿ ಹಾಕುವ ಕಂಡಿ, ಅದರಲ್ಲಿ ಬಗ್ಗಿ ನುಸುಳಬೇಕು. ಒಳಗೆ ಒಬ್ಬ ಮನುಷ್ಯ ಮೊಣಕಾಲೂರುವಷ್ಟು ಜಾಗ. ಸುತ್ತ ಗೋಡೆ, ಮೇಲೆ ಆಕಾಶದ ಒಂದು ತುಂಡು. ಅವನು ನಡು ಮಧ್ಯಾಹ್ನ ಅಲ್ಲಿ ಕೂತು ಅದೇ ಪ್ರಾರ್ಥನೆ ಮಾಡಿದ. ಮುಗಿಸಿ ತಾನೇ ಆಮೆನ್ ಎಂದ.

ಗೂಡೂ ಆಮೆನ್ ಎಂದಿತು.

ಮಾರ್ದನಿ ಎಂದುಕೊಂಡ. ಇರಲಿ, ಯಾರೂ ಇಲ್ಲದ ಕಡೆ ಇಷ್ಟಾದರೂ ಇದೆಯಲ್ಲ ಎಂದು ಸಮಾಧಾನವೂ ಆಯಿತು. ಮರುದಿನ ಮತ್ತೆ ಹೋದ. ಈ ಸಲ ಅವನು ಆಮೆನ್ ಎನ್ನುವ ಮೊದಲೇ ಆಮೆನ್ ಬಂತು. ಅವನ ಎದೆ ಧಸಕ್ಕೆಂದಿತು. ಆಮೇಲೆ ಹಿಗ್ಗಿತು. ಸಭೆ ಕೊಡದಿದ್ದುದನ್ನು ದೇವರೇ ಇಳಿದು ಬಂದು ಕೊಟ್ಟ ಎಂದು ಅವನು ನಂಬಿದ. ಮನುಷ್ಯನಿಗೆ ಬೇಕಾದದ್ದು ಸಿಕ್ಕರೆ ಕೊಟ್ಟವರು ಯಾರು ಎಂದು ವಿಚಾರಿಸುವ ಪುರುಸೊತ್ತು ಎಲ್ಲಿರುತ್ತದೆ?

ದಿನ ಹೋದ ಹಾಗೆ ಆ ದನಿ ಒಂದಾಗಿ ಉಳಿಯಲಿಲ್ಲ. ಹಲವು ದನಿಗಳು ಸೇರಿಕೊಂಡವು. ಗಂಡಸರದು, ಹೆಂಗಸರದು, ಮಕ್ಕಳದು ಎಂಬಂತೆ. ಗೂಡಿನ ಸುತ್ತ ಒಂದು ಸಭೆಯೇ ನೆರೆದಂತೆ. ಅವನು ಕಿವಿಗೊಟ್ಟು ಆಲಿಸುತ್ತಿದ್ದ. ಅದರಲ್ಲಿ ತನಗೆ ಪರಿಚಯದ ದನಿ ಒಂದೂ ಇರಲಿಲ್ಲ. ಅವನಿಗೆ ಅದರಿಂದ ಬೇಸರವೇನೂ ಆಗಲಿಲ್ಲ.

ಒಂದು ಬದಲಾವಣೆಯನ್ನು ಮಾತ್ರ ಅವನು ಗಮನಿಸಲಿಲ್ಲ. ಸಭೆಗೆ ಹೋಗುತ್ತಿದ್ದಾಗ ಅವನ ಪ್ರಾರ್ಥನೆಯಲ್ಲಿ ಕಾಯಿಲೆಯವರು ಇದ್ದರು, ಕಡಲಿಗೆ ಹೋದವರು ಇದ್ದರು, ಹೆರಿಗೆಗೆ ಕಾದವರು ಇದ್ದರು. ಪಕ್ಕದಲ್ಲಿ ಕೂತವರು ಹೇಳಿಕೊಂಡದ್ದು ಇವನ ಬಾಯಿಗೂ ಬರುತ್ತಿತ್ತು. ಗೂಡಿನಲ್ಲಿ ಯಾರು ಏನು ಹೇಳಬೇಕು? ಒಬ್ಬೊಬ್ಬರಾಗಿ ಎಲ್ಲರೂ ಬಿಟ್ಟುಹೋದರು. ಕೊನೆಗೆ ಉಳಿದವರು ತಾನು ಮತ್ತು ತಮ್ಮ. ತನಗೆ ಒಳ್ಳೆಯದು, ತಮ್ಮನಿಗೆ ಕೆಟ್ಟದ್ದು.

ಒಂದು ದಿನ ಮುದುಕಿ ಕೋಲೂರಿಕೊಂಡು ಬಂದಳು.

"ಯಾಕೋ ಮಗಾ, ದೇವಾಲಯದ ಕಡೆ ತಲೇನೇ ಹಾಕ್ತಿಲ್ಲ?"

"ಅಲ್ಲಿ ನನಗೆ ಆಮೆನ್ ಇಲ್ಲ, ಅಜ್ಜಿ. ಇಲ್ಲಿದೆ. ಬೇಕಾದರೆ ನೀನೇ ಹೋಗಿ ಕೇಳು," ಎಂದು ಅವನು ಗೂಡು ತೋರಿಸಿದ.

ಮುದುಕಿ ಕಂಡಿಯ ಹತ್ತಿರ ಹೋಗಿ ತಲೆ ಒಳಗೆ ಹಾಕಿದಳು. ಸ್ವಲ್ಪ ಹೊತ್ತು ಹಾಗೇ ನಿಂತಳು. ಹಿಂದಕ್ಕೆ ಬಂದು ಸೆರಗಿನಿಂದ ಮುಖ ಒರೆಸಿಕೊಂಡಳು.

"ಕೇಳಿಸಿತೋ?"

"ಕೇಳಿಸ್ತು. ನಾನು ಪ್ರಾರ್ಥನೆ ಮಾಡಲಿಲ್ಲ, ಮಗಾ. ಒಳಗಿನ ದೂಳಿಗೆ ಕೆಮ್ಮು ಬಂತು. ಅದಕ್ಕೂ ಆಮೆನ್ ಅಂತು."

ಸುಣ್ಣಗಾರನಿಗೆ ಮುಖಕ್ಕೆ ಹೊಡೆದಂತಾಯಿತು. ಹೊಟ್ಟೆಕಿಚ್ಚಿನ ಮುದುಕಿ ಎಂದು ಬೈದು ಕಳಿಸಿದ. ಅವಳು ಕೋಲೂರಿಕೊಂಡು ಹಿಂದಿರುಗಿದಳು.

ಅದಾಗಿ ಹೆಚ್ಚು ದಿನ ಕಳೆದಿರಲಿಲ್ಲ. ಆಚೆ ದಂಡೆಯಿಂದ ಕೂಗು ಕೇಳಿಸಿತು. ಸುಟ್ಟ ಚಿಪ್ಪಿಗೆ ತಮ್ಮ ನೀರು ಹಾಕುತ್ತಿದ್ದ. ಕುದಿಯುವ ಸುಣ್ಣ ಸಿಡಿದು ಅವನ ಎರಡೂ ಕಣ್ಣಿಗೆ ಬಿತ್ತು. ಜನ ಓಡಿ, ಕೊಡಗಟ್ಟಲೆ ನೀರು ಸುರಿದು ತೊಳೆದು, ದೋಣಿಯಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದ ತಮ್ಮ, "ಅಣ್ಣನಿಗೆ ಹೇಳಿ ಕಳಿಸಿ, ಅಣ್ಣನಿಗೆ ಹೇಳಿ ಕಳಿಸಿ," ಎನ್ನುತ್ತಿದ್ದನಂತೆ.

ಸುಣ್ಣಗಾರ ಈಚೆ ದಂಡೆಯಲ್ಲಿ ನಿಂತು ದೋಣಿ ಹೋಗುವುದನ್ನು ನೋಡಿದ. ಬೇಡಿದ್ದು ಸಿಕ್ಕಿತ್ತು. ನೇರವಾಗಿ ಗೂಡಿಗೆ ಓಡಿ, ಕಂಡಿಯಲ್ಲಿ ನುಸುಳಿ ಮೊಣಕಾಲೂರಿದ.

"ಕರ್ತನೇ, ನನ್ನ ತಮ್ಮನ ಕಣ್ಣು ಉಳಿಸು."

"ಆಮೆನ್," ಎಂದವು ದನಿಗಳು.

ಅವನಿಗೆ ಜೀವ ಬಂದಂತಾಯಿತು. ಆದರೆ ಎಲ್ಲಿಂದಲೋ ಮುದುಕಿಯ ಕೆಮ್ಮು ನೆನಪಾಯಿತು. ಪರೀಕ್ಷಿಸಲೆಂದು ಮೆಲ್ಲಗೆ, "ನನ್ನ ತಮ್ಮನ ಕಣ್ಣು ಹೋಗಲಿ," ಎಂದ.

"ಆಮೆನ್."

ಅದೇ ದನಿ. ಅಷ್ಟೇ ಮೃದು. ಅಷ್ಟೇ ಭಕ್ತಿ. ತಡೆಯಲಾರದೆ ಇನ್ನೂ ಒಂದು ಮಾತು ಆಡಿದ. "ದೇವರೇ ಇಲ್ಲ."

"ಆಮೆನ್."

ಈಗ ಎದ್ದು ಓಡಬೇಕಿತ್ತು. ಓಡಲಿಲ್ಲ. ಮನುಷ್ಯನ ಬುದ್ಧಿಯೇ ಹಾಗೆ. ಕೊನೆಯದೊಂದನ್ನು ಕೇಳಿಬಿಡಬೇಕು. ಅವನು ಬಾಯಿ ತೆರೆಯಲೂ ಇಲ್ಲ. ಇಷ್ಟೆಲ್ಲ ಮಾಡಿದ ನಾನು ಸತ್ತುಹೋದರೆ ಒಳ್ಳೆಯದು ಎಂದು ಮನಸ್ಸಿನಲ್ಲಿ ಬಂತು, ಅಷ್ಟೆ.

"ಆಮೆನ್," ಎಂದವು ದನಿಗಳು. ಈ ಸಲ ತೀರ ಹತ್ತಿರದಲ್ಲಿ. ಕಿವಿಯ ಪಕ್ಕದಲ್ಲಿ.

ಅವನು ಹೇಗೆ ಹೊರಗೆ ಬಂದನೋ ಅವನಿಗೇ ತಿಳಿಯದು. ಮೊಣಕೈ ಮೊಣಕಾಲು ತರಚಿ ರಕ್ತ ಸುರಿಯುತ್ತಿತ್ತು. ಅಂದು ಆದಿತ್ಯವಾರವಾಗಿರಲಿಲ್ಲ. ಆದಿತ್ಯವಾರ ಬರುವವರೆಗೆ ಅವನು ಮನೆಯ ಅಂಗಳ ಬಿಟ್ಟು ಒಳಗೆ ಹೋಗಲಿಲ್ಲ. ಒಬ್ಬನೇ ನಾಲ್ಕು ಗೋಡೆಯ ನಡುವೆ ಇರುವುದಕ್ಕೇ ಅವನಿಗೆ ಹೆದರಿಕೆಯಾಗಿತ್ತು.

ಆರಾಧನೆಗೆ ಎಲ್ಲರಿಗಿಂತ ಮೊದಲು ಹೋಗಿ ಕೂತ. ಕೀರ್ತನೆ ಮುಗಿಯಿತು. ಸುಣ್ಣಗಾರ ಎದ್ದು ನಿಂತ. "ಕರ್ತನೇ, ನಾನು ನನ್ನ ತಮ್ಮನಿಗೆ ಕೇಡು ಬೇಡಿದವನು. ನಾನು ಬದುಕಬಾರದು. ನನ್ನನ್ನು ಸಾಯಿಸಿಬಿಡು," ಎಂದ. ಎಂದು ಕಣ್ಣು ಬಿಗಿಯಾಗಿ ಮುಚ್ಚಿ ಕಾದ.

ಸಭೆ ಸುಮ್ಮನಿತ್ತು.

ಯಾರೂ ಅಲುಗಾಡಲಿಲ್ಲ. ಮುದುಕಿಯೂ ಸುಮ್ಮನಿದ್ದಳು. ಹಿಂದೆ ಅವನನ್ನು ಓಡಿಸಿದ ಅದೇ ಮೌನ. ಈಗ ಅದು ಅವನ ಹೆಗಲ ಮೇಲೆ ಕಂಬಳಿ ಹೊದಿಸಿದಂತೆ ಬಂತು. ತಾನು ಸಾಯುವುದು ಇಲ್ಲಿ ಒಬ್ಬರಿಗೂ ಬೇಡ ಎಂದು ಅವನಿಗೆ ಗೊತ್ತಾಯಿತು. ಅವನು ನಿಂತಲ್ಲೇ ಮಗುವಿನ ಹಾಗೆ ಅತ್ತುಬಿಟ್ಟ. ಯಾರೂ ಅವನನ್ನು ಸುಮ್ಮನಿರಿಸಲಿಲ್ಲ. ಮುದುಕಿ ಮಾತ್ರ ಹಿಂದಕ್ಕೆ ತಿರುಗಿ ಅವನ ಅಂಗಿಯ ಚುಂಗು ಹಿಡಿದುಕೊಂಡಳು.

ಒಂದೇ ದಿನಕ್ಕೆ ಅವನು ಸಂತನಾದ ಎಂದುಕೊಳ್ಳಬೇಡ. ಮುಂದಿನ ಆದಿತ್ಯವಾರ ಬಂದು, "ಕರ್ತನೇ, ತಮ್ಮನಿಗೆ ಕಣ್ಣು ಕೊಡು, ಅವನಿಗೆ ತನ್ನ ತಪ್ಪೂ ಕಾಣಲಿ," ಎಂದ. ಅಲ್ಲೊಂದು ಇಲ್ಲೊಂದು ಆಮೆನ್ ಕೇಳಿಸಿತು. ಮುದುಕಿ ಹಲ್ಲಿಲ್ಲದ ಬಾಯಿಯನ್ನು ಬಿಗಿಯಾಗಿ ಮುಚ್ಚಿಕೊಂಡಿದ್ದಳು. ಅವನು ಪ್ರಾರ್ಥನೆಯನ್ನು ಮನೆಗೆ ಕೊಂಡುಹೋದ. ಹಾಗೆ ತಂದ, ಕೊಂಡುಹೋದ, ತಂದ. ಪ್ರತಿ ಸಲವೂ ಏನೋ ಒಂದು ಉದುರುತ್ತಿತ್ತು. ಈ ನಡುವೆ ಪಕ್ಕದಲ್ಲಿ ಕೂತವರ ಕಷ್ಟಗಳು ಮತ್ತೆ ಅವನ ಬಾಯಿಗೆ ಬರತೊಡಗಿದ್ದವು. ತಾನು ಬೆಳೆಯುತ್ತಿದ್ದೇನೆ ಎಂದು ಅವನಿಗೆ ಅನಿಸಲೇ ಇಲ್ಲ. ಸುತ್ತಲಿನವರಿಗೆ ಅನಿಸಿತು.

ಮತ್ತೊಂದು ಆದಿತ್ಯವಾರ ಎದ್ದು ನಿಂತು, "ಕರ್ತನೇ, ಸುಣ್ಣ ಬೆಂದಿರಲಿಲ್ಲ. ಇದ್ದಿಲು ಉಳಿಸಲು ಹೋಗಿ ನಾನೇ ಬೇಗ ತೆಗೆದಿದ್ದೆ. ತಮ್ಮ ಹೇಳಿದ್ದು ನಿಜ. ಅವನ ಮುಂದೆ ಹೋಗಿ ನಿಲ್ಲುವ ಧೈರ್ಯ ಕೊಡು," ಎಂದ.

ಮುದುಕಿಗಿಂತ ಮೊದಲು, ಸಭೆಗಿಂತ ಮೊದಲು, ಬಾಗಿಲ ಬಳಿಯಿಂದ ಒಂದು ಒಡಕು ದನಿ "ಆಮೆನ್" ಎಂದಿತು. ಸುಣ್ಣಗಾರ ತಿರುಗಿ ನೋಡಿದ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಹೆಂಡತಿಯ ಕೈ ಹಿಡಿದು ತಮ್ಮ ನಿಂತಿದ್ದ. ಮುಂದೆ ಅವನಿಗೆ ಒಂದು ಕಣ್ಣಿಗೆ ಮಬ್ಬಾಗಿ ಕಾಣಿಸಿತು. ಇನ್ನೊಂದು ಹೋಯಿತು. ಆ ವರ್ಷ ದೇವಾಲಯದ ಸುಣ್ಣವನ್ನು ಇಬ್ಬರೂ ಒಂದೇ ಗೂಡಿನಲ್ಲಿ ಸುಟ್ಟರು. ಅಣ್ಣ ಬೆಂಕಿ ನೋಡಿಕೊಂಡ. ಬೆರಳಿನಿಂದ ಉಜ್ಜಿ, ಬೆಂದಿದೆಯೋ ಇಲ್ಲವೋ ಹೇಳಿದವನು ತಮ್ಮ.

ಉಪದೇಶಿಗಳು ಕತೆ ನಿಲ್ಲಿಸಿ ಮತ್ತೆ ಅಂಟಿನ ಡಬ್ಬಿ ಎತ್ತಿಕೊಂಡರು.

ಎಫ್ರಾಯೀಮ ಜಗಲಿಯ ತುದಿಯಲ್ಲಿ ಮುದುಡಿಕೊಂಡು ಕೂತಿದ್ದ. ಬಿಸಿಲು ಇನ್ನೂ ಇತ್ತು. ಆದರೂ ಅವನಿಗೆ ಚಳಿಯಾಗುತ್ತಿತ್ತು. "ಅವನು ಆಮೇಲೆ ಮನೆಯಲ್ಲಿ ಪ್ರಾರ್ಥಿಸುವುದನ್ನೇ ಬಿಟ್ಟನೋ?"

"ಯಾಕೆ ಬಿಡಬೇಕು? ವಾರವಿಡೀ ಮನೆಯಲ್ಲೇ ಪ್ರಾರ್ಥಿಸುತ್ತಿದ್ದ. ಆದಿತ್ಯವಾರ ಅದನ್ನು ತಂದು ಎಲ್ಲರ ಮುಂದೆ ಇಡುತ್ತಿದ್ದ."

"ಮತ್ತೆ ಅಯ್ಯನವರೇ, ಆ ಗೂಡಿನಲ್ಲಿ ಆಮೆನ್ ಎನ್ನುತ್ತಿದ್ದವರು ಯಾರು?"

ಉಪದೇಶಿಗಳು ತಲೆಯೆತ್ತಲಿಲ್ಲ. ಪುಸ್ತಕದ ಬೆನ್ನನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಹೇಳಿದರು.

"ಇವತ್ತು ಬೆಳಿಗ್ಗೆ ನಿನ್ನ ಕೋಣೆಯಲ್ಲಿ ಪಕ್ಕದಲ್ಲೇ ಕೂತು ಎಲ್ಲವನ್ನೂ ಒಪ್ಪಿಕೊಂಡರಲ್ಲ, ಅವರನ್ನೇ ಕೇಳು."

ಎಫ್ರಾಯೀಮ ಜಗಲಿಯ ತುದಿಯಿಂದ ಉಪದೇಶಿಗಳ ಹತ್ತಿರಕ್ಕೆ ಸರಿದು ಕೂತ.