ಹತ್ತಿರದ ಜೋಡಿಗಳು

ಶಿಷ್ಯನೊಬ್ಬ ಗುರುವಿನ ಬಳಿ ಬಂದು ಕೇಳಿದ: "ಮನೆಯ ಗದ್ದಲದಲ್ಲಿ ಮನಸ್ಸು ಧ್ಯಾನಕ್ಕೆ ನಿಲ್ಲುತ್ತಿಲ್ಲ. ಹೆಂಡತಿಯನ್ನೂ ಕೂಸನ್ನೂ ನಾಳೆಯ ಬಸ್ಸಿಗೆ ತವರಿಗೆ ಕಳಿಸಿಬಿಡಲೇ?"

ಗುರು ಕಳಿಸು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಒಂದು ಕತೆ ಹೇಳಿದರು.

ಆಕಾಶದ ನಕ್ಷೆ ಬರೆಯುವವಳೊಬ್ಬಳಿದ್ದಳು. ಬಯಲಿನಲ್ಲಿ ಅವಳ ಆಂಟೆನಾಗಳು ಹರಡಿ ನಿಂತಿದ್ದವು. ಕೆಲವು ಪಕ್ಕಪಕ್ಕ, ಕೆಲವು ಕೂಗಿದರೂ ಕೇಳದಷ್ಟು ದೂರ. ದೂರದ ಗ್ಯಾಲಕ್ಸಿಗಳಿಂದ ಬರುವ ಉದ್ದನೆಯ ರೇಡಿಯೋ ಅಲೆಗಳನ್ನು ಅವು ಹಿಡಿಯುತ್ತಿದ್ದವು. ಎರಡೆರಡು ಆಂಟೆನಾಗಳನ್ನು ಜೋಡಿ ಮಾಡಿ, ಎರಡೂ ಹಿಡಿದದ್ದನ್ನು ತಾಳೆ ನೋಡಬೇಕು. ಹಾಗೆ ಜೋಡಿ ಜೋಡಿಯಾಗಿ ನಕ್ಷೆ ಮೂಡುತ್ತದೆ.

ಒಂದು ಮೂಲೆಯಲ್ಲಿ ಮುದಿ ಗ್ಯಾಲಕ್ಸಿಯೊಂದು ಇರಬೇಕೆಂದು ಅವಳ ಅಂದಾಜು. ಈ ಸಲದ ನಕ್ಷೆಯಲ್ಲಿ ಕಾಣದಿದ್ದರೆ ಆ ಜಾಗ ಖಾಲಿ ಎಂದೇ ಬರೆದು ಮುಗಿಸುತ್ತಾರೆ. ಆಮೇಲೆ ಯಾರೂ ಆ ಕಡೆ ತಿರುಗಿ ನೋಡುವುದಿಲ್ಲ.

ಅವಳ ತಲೆ ತಿಂದದ್ದು ಹತ್ತಿರದ ಜೋಡಿಗಳು. ಪಕ್ಕಪಕ್ಕ ನಿಂತವು ನೆಲದ ಗಲಾಟೆಯನ್ನೆಲ್ಲ ಒಟ್ಟಿಗೇ ಕೇಳಿಸಿಕೊಳ್ಳುತ್ತವೆ: ತೋಟದ ವಿದ್ಯುತ್ ಬೇಲಿ, ವೆಲ್ಡಿಂಗ್ ಕಿಡಿ, ಎಲ್ಲೋ ಹೊಡೆದ ಸಿಡಿಲು. ದೂರದ ಜೋಡಿಗಳಿಗೆ ಈ ಕಾಟ ಕಡಿಮೆ. ಒಂದು ದಿನ ರೋಸಿಹೋಗಿ ಹತ್ತಿರದ ಜೋಡಿಗಳನ್ನೆಲ್ಲ ಲೆಕ್ಕದಿಂದ ತೆಗೆದುಹಾಕಿದಳು. ನಕ್ಷೆ ತಿಳಿಯಾಯಿತು, ಎಳ್ಳು ಚೆಲ್ಲಿದ ಹಾಗೆ ಬರೀ ಚುಕ್ಕಿ. ಮುದಿ ಗ್ಯಾಲಕ್ಸಿಯ ಜಾಗದಲ್ಲಿ ಮಾತ್ರ ಏನೂ ಇಲ್ಲ. ನಕ್ಷೆಯನ್ನು ತನಗೆ ಕೆಲಸ ಕಲಿಸಿದ ಹಿರಿಯಳ ಮುಂದಿಟ್ಟು, ಅಲ್ಲೇನೂ ಇರಲೇ ಇಲ್ಲವೆಂದು ಒಪ್ಪಿಕೊಂಡಳು.

ಹಿರಿಯಳು ನೋಡಿ ಹೇಳಿದಳು: "ಚೆನ್ನಾಗಿ ಗುಡಿಸಿದ್ದೀಯ ಕಣೆ. ಕಸದ ಜೊತೆ ರಂಗೋಲಿನೂ."

"ಹತ್ತಿರದ ಜೋಡಿಗಳಲ್ಲಿ ಬರೀ ಕಸ ಇತ್ತು ಅಕ್ಕ."

"ದೂರದ ಜೋಡಿಗೆ ಸಿಗೋದು ಚುಕ್ಕಿ. ಹೊಗೆ ಥರ ಅಗಲಕ್ಕೆ ಹರಡಿದ್ದು ಹತ್ತಿರದ ಜೋಡಿಗೇ ಸಿಗೋದು. ನಿನ್ನ ಮುದುಕಿ ಈ ವಯಸ್ಸಲ್ಲಿ ಚುಕ್ಕಿ ಆಗಿ ಕೂತಿರ್ತಾಳಾ?"

ಬಿಸಾಡಿದ್ದನ್ನೆಲ್ಲ ಅವಳು ವಾಪಸ್ ತಂದಳು. ಸಾರಾಸಗಟಾಗಿ ಎಸೆಯುವುದು ಸುಲಭವಿತ್ತು. ಈಗ ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಒಂದೊಂದನ್ನೇ ಹೆಕ್ಕಬೇಕು. ಮೊದಮೊದಲು ಗೊಣಗಿದಳು. ಹೆಕ್ಕುತ್ತ ಹೋದಂತೆ ಕುತೂಹಲ ಹತ್ತಿತು. ಇದು ಬೇಲಿಯದು, ಇದು ಸಿಡಿಲಿನದು, ಹಾಗಾದರೆ ಮಿಕ್ಕದ್ದು ಯಾರದು? ಊಟ ಮರೆತು ಕುಳಿತಳು. ಮಿಕ್ಕದ್ದು ನಕ್ಷೆಯ ಮೇಲೆ ಮೆಲ್ಲಗೆ ಹರಡಿಕೊಂಡಿತು, ಕನ್ನಡಿಯ ಮೇಲೆ ಬಿಟ್ಟ ಉಸಿರಿನಷ್ಟು ತೆಳ್ಳಗೆ. ಆ ಜಾಗ ಖಾಲಿ ಇರಲಿಲ್ಲ.

ಗುರು ಕತೆ ನಿಲ್ಲಿಸಿದರು. ನಕ್ಷೆಯ ವಿಷಯ ತಿಳಿಯಿತು, ಬಸ್ಸಿನ ವಿಷಯ ಹೇಳಲಿಲ್ಲವಲ್ಲ ಎಂದು ಶಿಷ್ಯ ಗೊಣಗಿದ. ಆಗ ಗುರು ಒಂದೇ ಮಾತು ಕೇಳಿದರು:

"ನಿನ್ನೆ ಆ ಗದ್ದಲದ ನಡುವೆ ನಿನ್ನ ಹೆಂಡತಿ ನಿನಗೆ ಏನು ಹೇಳಿದಳು?"