ಮೊದಲ ಡಿಸ್ಕ್ ಬದಲಾಯಿಸಿದ ದಿನ

ಕಪಿಲಾ ನದಿಯ ದಡದಲ್ಲೊಂದು ಆಶ್ರಮ. ಅಲ್ಲಿನ ಗುರುಗಳು ನಿರಂಜನಯ್ಯನವರು. ಆಶ್ರಮಕ್ಕೆ ಬರುವ ಮೊದಲು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಎಂಜಿನಿಯರಾಗಿದ್ದವರು.

ಊರೂರು ತಿರುಗಿ ಸೂಲಗಿತ್ತಿಯರನ್ನು ಮಾತಾಡಿಸುವುದು, ಅವರ ಹಾಡು, ಮದ್ದು, ಅನುಭವ ಎಲ್ಲವನ್ನೂ ರೆಕಾರ್ಡ್ ಮಾಡಿ ಇಡುವುದು ಗುರುಗಳು ಹಿಡಿದ ಕೆಲಸ. ಹನ್ನೊಂದು ವರ್ಷದಿಂದ ಕೂಡಿಬಂದ ಆ ದನಿಗಳೆಲ್ಲ ಗ್ರಂಥಾಲಯದ ಮೂಲೆಯ ಒಂದು ಸರ್ವರಿನಲ್ಲಿದ್ದವು.

ಸರ್ವರನ್ನು ನೋಡಿಕೊಳ್ಳುವವಳು ಶಿಷ್ಯೆ ಪದ್ಮಿನಿ. ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿದ್ದವಳು ಮೂವತ್ತೈದನೆಯ ವಯಸ್ಸಿಗೆ ಕೆಲಸ ಬಿಟ್ಟು ಇಲ್ಲಿಗೆ ಬಂದಿದ್ದಳು. ಏನನ್ನು ಕಂಡರೂ ‘ಅದು ಯಾಕೆ ಹಾಗೆ’ ಎಂದು ಕೇಳದಿದ್ದರೆ ಅವಳಿಗೆ ಸಮಾಧಾನವಿಲ್ಲ.

ಒಂದು ಬೆಳಿಗ್ಗೆ ಅವಳು ನದಿಯ ಮೆಟ್ಟಿಲಿಗೆ ಬಂದಳು. ಗುರುಗಳು ಪಂಚೆ ಹಿಂಡುತ್ತಿದ್ದರು.

“ಗುರುಗಳೇ, ಸರ್ವರಿನ ಮೊದಲನೆಯ ಡಿಸ್ಕ್ ಹೋಗುವ ಹಾಗಿದೆ. ಕೆಟ್ಟ ಜಾಗಗಳು ದಿನದಿನಕ್ಕೂ ಹೆಚ್ಚುತ್ತಿವೆ.”

“ಈಗ ಓದಿ ಹೇಳುತ್ತಿದೆಯೋ ಇಲ್ಲವೋ?”

“ಓದುತ್ತಿದೆ. ತಡವರಿಸುತ್ತಿದೆ.”

“ಹೊಸದು?”

“ನಿನ್ನೆಯೇ ಮೈಸೂರಿನಿಂದ ಬಂತು. ಹಳೆಯದನ್ನು ಕಿತ್ತು ಆ ಜಾಗಕ್ಕೆ ಇದನ್ನು ಹಾಕಿದರೆ ಆಯಿತು.”

ಗುರುಗಳು ಪಂಚೆಯನ್ನು ಕಲ್ಲಿನ ಮೇಲೆ ಹರವಿದರು. “ನಡಿ, ನಾನೂ ಬರುತ್ತೇನೆ.”

ಸರ್ವರಿನಲ್ಲಿ ಡಿಸ್ಕಿಗೆ ನಾಲ್ಕು ಜಾಗಗಳಿದ್ದವು. ಎರಡರಲ್ಲಿ ಡಿಸ್ಕ್ ಇತ್ತು, ಎರಡು ಖಾಲಿ. ಮೊದಲನೆಯದರಲ್ಲಿ ಬರೆದದ್ದನ್ನೆಲ್ಲ ಯಂತ್ರ ಎರಡನೆಯದರಲ್ಲೂ ಬರೆಯುತ್ತಿತ್ತು. ಈ ಜೋಡಿ ಕಟ್ಟಿಗೆ ರೇಡ್ ಎನ್ನುತ್ತಾರೆ. ಒಂದು ಹೋದರೆ ಇನ್ನೊಂದು ಉಳಿಯಲಿ ಎಂದು ಮಾಡಿದ ಏರ್ಪಾಡು.

ಪದ್ಮಿನಿ ಮೊದಲ ಡಿಸ್ಕಿನ ಹಿಡಿಗೆ ಬೆರಳು ಹಾಕಿದಳು.

“ಇದನ್ನು ತೆಗೆದಾಗ ಎಷ್ಟು ಉಳಿಯುತ್ತದೆ?” ಗುರುಗಳು ಕೇಳಿದರು.

“ಒಂದು. ಅದು ಚೆನ್ನಾಗಿದೆ.”

“ಅದನ್ನು ಯಾವಾಗ ತಂದದ್ದು?”

“ಎರಡನ್ನೂ ಒಂದೇ ದಿನ, ಒಂದೇ ಅಂಗಡಿಯಿಂದ. ಐದು ವರ್ಷವಾಯಿತು.”

“ಅದು ಚೆನ್ನಾಗಿದೆ ಅಂತ ನಿನಗೆ ಹೇಳಿದ್ದು ಯಾರು?”

“ಇದುವರೆಗೆ ಅದು ಒಂದೂ ದೂರು ಹೇಳಿಲ್ಲ.”

ಗುರುಗಳು ಚಾಪೆ ಬಿಡಿಸಿ ಯಂತ್ರದ ಮುಂದೆ ಕುಳಿತುಕೊಂಡರು.

ಪದ್ಮಿನಿ ಬೆರಳು ತೆಗೆದಳು. ದೂರು ಹೇಳದವರೆಲ್ಲ ಆರೋಗ್ಯವಾಗಿರುತ್ತಾರೆಯೇ ಎಂಬ ಪ್ರಶ್ನೆ ಅವಳೊಳಗೇ ಎದ್ದಿತು. ಈ ದನಿಗಳ ಒಂದು ಹಳೆಯ ನಕಲು ಮೈಸೂರಿನ ಸ್ನೇಹಿತರ ಮನೆಯಲ್ಲಿತ್ತು. ಆದರೆ ಅದು ಹೋದ ವರ್ಷದ್ದು. ಈ ವರ್ಷ ಮಾತಾಡಿಸಿದ ನಲವತ್ತೆರಡು ಜನರ ದನಿ ಇಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಆ ನಲವತ್ತೆರಡು ಜನರಲ್ಲಿ ಮೂವರು ಆಗಲೇ ತೀರಿಕೊಂಡಿದ್ದರು.

“ಹಳೆಯದು ಅಲ್ಲೇ ಇರಲಿ. ಹೊಸದನ್ನು ಮೂರನೆಯ ಜಾಗದಲ್ಲಿ ಹಾಕಿದರೆ?” ಅವಳು ನಿಧಾನವಾಗಿ ಕೇಳಿದಳು. “ಎರಡರ ಜೋಡಿಯನ್ನು ಮೂರು ಮಾಡಬಹುದು. ಹೊಸದು ಪೂರ್ತಿ ತುಂಬಿಕೊಂಡ ಮೇಲೆ ಹಳೆಯದನ್ನು ಬಿಡಿಸಬಹುದು. ಅಲ್ಲಿಯವರೆಗೆ ಒಂದು ಗಳಿಗೆಯೂ ಒಂದೇ ಡಿಸ್ಕಿನ ಮೇಲೆ ನಿಲ್ಲುವುದು ಬೇಡ.”

“ಎಷ್ಟು ಹೊತ್ತು ಬೇಕು?”

“ಎಂಟು ಗಂಟೆ.”

“ನೀರು ತಂದಿಟ್ಟುಕೋ.”

ಹೊಸ ಡಿಸ್ಕ್ ಮೂರನೆಯ ಜಾಗಕ್ಕೆ ಹೋಯಿತು. ತೆರೆಯ ಮೇಲೆ ನೂರಕ್ಕೆ ಎಷ್ಟು ತುಂಬಿತೆಂಬ ಅಂಕಿ ಹತ್ತತೊಡಗಿತು. ಒಂದು. ಎರಡು. ಮೂರು.

“ನಾನೇನು ಮಾಡಲಿ, ಗುರುಗಳೇ?”

“ನೋಡು.”

ಅವಳು ನೋಡಿದಳು. ಯಂತ್ರ ತನ್ನ ಪಾಡಿಗೆ ತಾನು ನಡೆಯುತ್ತಲೇ ಇತ್ತು. ಒಳಗೆ ತುಂಬುವ ಕೆಲಸ ಸಾಗಿತ್ತು, ಹೊರಗೆ ಗ್ರಂಥಾಲಯಕ್ಕೆ ಬಂದವರು ಅದರಿಂದಲೇ ಹಾಡು ಕೇಳಿಕೊಂಡು ಹೋಗುತ್ತಿದ್ದರು. ಒಳಗೆ ಡಿಸ್ಕ್ ಬದಲಾಗುತ್ತಿದೆ ಎಂದು ಅವರಿಗೆ ಗೊತ್ತೇ ಆಗಲಿಲ್ಲ. ಅವಳಿಗೆ ಅದು ಸೋಜಿಗವೆನಿಸಿತು.

ಮಧ್ಯಾಹ್ನದ ಊಟ ಚಾಪೆಯ ಮೇಲೇ ಆಯಿತು. ಅಂಕಿ ಅರವತ್ತೆರಡಕ್ಕೆ ಬಂದು ನಿಂತಿತು.

ಪದ್ಮಿನಿಯ ಕೈಯಲ್ಲಿದ್ದ ಲೋಟ ಅಲ್ಲೇ ಉಳಿಯಿತು. ಯಂತ್ರ ಬರೆಯುತ್ತಿದ್ದ ಸಾಲುಗಳನ್ನು ಅವಳು ಒಂದು ಸಲ ಓದಿದಳು. ನಂಬದೆ ಇನ್ನೊಂದು ಸಲ ಓದಿದಳು.

“ಓದಲಾಗಲಿಲ್ಲ ಎನ್ನುತ್ತಿದೆ, ಗುರುಗಳೇ. ಮೊದಲನೆಯದಲ್ಲ. ಎರಡನೆಯದು. ಚೆನ್ನಾಗಿದೆ ಅಂದೆನಲ್ಲ, ಅದು.”

ಗುರುಗಳು ಎದ್ದು ಬಂದು ಅವಳ ಪಕ್ಕದಲ್ಲಿ ನಿಂತರು.

ಇನ್ನೂ ಒಂದು ಸಾಲು ಬಂತು. ಆಮೇಲೆ ಮತ್ತೊಂದು. ಎರಡನೆಯ ಡಿಸ್ಕ್ ಕೊಡಲಾರದೆ ಹೋದ ಚೂರುಗಳನ್ನು ಯಂತ್ರ ಮೊದಲನೆಯದರ ಹತ್ತಿರ ಕೇಳುತ್ತಿತ್ತು. ಮೊದಲನೆಯದು ತಡವರಿಸಿತು. ಹಿಂದೆ ಸರಿದು ಮತ್ತೆ ಹುಡುಕಿತು. ಕೊನೆಗೆ ಕೊಟ್ಟಿತು. ಯಂತ್ರ ಅದನ್ನು ಎರಡನೆಯದರ ಮೇಲೂ ಮತ್ತೆ ಬರೆಯಿತು.

ಅಂಕಿ ಅರವತ್ತಮೂರಾಯಿತು.

ಪದ್ಮಿನಿಗೆ ಬೆಳಿಗ್ಗೆ ತನ್ನ ಬೆರಳು ಯಾವ ಹಿಡಿಯ ಮೇಲಿತ್ತು ಎಂದು ನೆನಪಾಯಿತು.

“ಆ ಚೂರುಗಳಲ್ಲಿ ಯಾರ ದನಿ ಇತ್ತೋ” ಎಂದಳು.

“ತಿಳಿದರೆ ಏನು ಮಾಡುತ್ತೀಯ?”

“ಏನಿಲ್ಲ. ಯಾರೆಂದು ತಿಳಿಯಬೇಕು ಅನ್ನಿಸಿತು.”

“ಆ ಆಸೆ ಇರಲಿ” ಎಂದು ಗುರುಗಳು ಮತ್ತೆ ಕುಳಿತರು.

ಬಿಸಿಲು ಇಳಿಯುವ ಹೊತ್ತಿಗೆ ನೂರು ಮುಟ್ಟಿತು. ಮೂರೂ ಡಿಸ್ಕ್‌ಗಳು ಒಂದೇ ಮಾತು ಹೇಳುತ್ತಿದ್ದವು. ಪದ್ಮಿನಿ ಹಳೆಯದನ್ನು ಕಟ್ಟಿನಿಂದ ಬಿಡಿಸಿದಳು, ಹೊರಗೆಳೆದು ಬಟ್ಟೆಯ ಮೇಲಿಟ್ಟಳು. ಅದಿನ್ನೂ ಬೆಚ್ಚಗಿತ್ತು.

“ಯಂತ್ರವನ್ನು ಒಂದು ಸಲ ಆರಿಸಿ ಹಚ್ಚಿಬಿಡುತ್ತೇನೆ. ಸರಿಯಾಗಿ ಎದ್ದರೆ ಮುಗಿಯಿತು.”

ಆರಿಸಿದಳು. ಹಚ್ಚಿದಳು. ಯಂತ್ರ ಏಳಲಿಲ್ಲ. ಕಪ್ಪು ತೆರೆಯ ಮೇಲೆ ಒಂದೇ ಸಾಲು: ಶುರು ಮಾಡಲು ಡಿಸ್ಕ್ ಸಿಗುತ್ತಿಲ್ಲ.

ಅವಳು ತೆರೆಯತ್ತ ಬಾಗಿದಳು. “ಎಲ್ಲ ತುಂಬಿಕೊಂಡಿತ್ತು. ನಾನೇ ನೋಡಿದೆ. ಎಲ್ಲ ಹೋಯಿತೇ?”

ಗುರುಗಳು ಬಟ್ಟೆಯ ಮೇಲಿದ್ದ ಹಳೆಯ ಡಿಸ್ಕನ್ನು ಎರಡು ಕೈಯಲ್ಲಿ ಎತ್ತಿ ಮೊದಲಿದ್ದ ಜಾಗಕ್ಕೇ ತಳ್ಳಿದರು. ಗುಂಡಿ ಒತ್ತಿದರು. ಯಂತ್ರ ಎದ್ದಿತು. ದನಿಗಳೆಲ್ಲ ಇದ್ದಲ್ಲೇ ಇದ್ದವು.

ಪದ್ಮಿನಿ ಹಣೆ ಒರೆಸಿಕೊಂಡಳು. ಯೋಚಿಸುತ್ತ ಹೋದಂತೆ ಅವಳ ಕಣ್ಣು ಚುರುಕಾಯಿತು.

“ತಿಳಿಯಿತು. ಯಂತ್ರವನ್ನು ಎಬ್ಬಿಸುವ ಒಂದು ಸಣ್ಣ ಭಾಗ ಈ ಮೊದಲ ಡಿಸ್ಕಿನ ಆರಂಭದಲ್ಲಿದೆ. ಅದು ಜೋಡಿ ಕಟ್ಟಿನೊಳಗೆ ಸೇರಿದ್ದಲ್ಲ. ಅದಕ್ಕೇ ತಾನಾಗಿ ನಕಲಾಗಲಿಲ್ಲ. ಐದು ವರ್ಷದಿಂದ ದಿನವೂ ಎಬ್ಬಿಸುತ್ತಿದ್ದದ್ದು ಇದೊಂದೇ.”

“ನೀನು ಆ ಡಿಸ್ಕನ್ನು ಕೇಳಿದ್ದೆಯಾ?”

“ಇಲ್ಲ. ಏನು ಇಟ್ಟುಕೊಂಡಿದ್ದೀಯ ಎಂದು ಕೇಳಿದೆ. ಬೆಳಿಗ್ಗೆ ಹೇಗೆ ಏಳುತ್ತೀಯ ಎಂದು ಕೇಳಲಿಲ್ಲ.”

ಅವಳು ಆ ಭಾಗವನ್ನು ಹೊಸ ಡಿಸ್ಕಿನ ಮೇಲೂ ಎರಡನೆಯದರ ಮೇಲೂ ಬರೆದಳು. ಹಳೆಯದನ್ನು ಮತ್ತೆ ಹೊರಗೆಳೆದಳು. ಆರಿಸಿದಳು, ಹಚ್ಚಿದಳು. ಈ ಸಲ ಯಂತ್ರ ತಾನೇ ಎದ್ದಿತು.

ಪರೀಕ್ಷೆಗೆಂದು ಕೈಗೆ ಸಿಕ್ಕ ಒಂದು ರೆಕಾರ್ಡಿಂಗ್ ಹಾಕಿದಳು. ತೀರಿಕೊಂಡ ಮೂವರಲ್ಲಿ ಒಬ್ಬರಾದ ಚಿಕ್ಕತಾಯಮ್ಮನದು. ಆ ಮುದುಕಿ ತಾನು ಹಿಡಿದ ಮೊದಲ ಕೂಸಿನ ಕಥೆ ಹೇಳುತ್ತ ನಡುನಡುವೆ ನಗುತ್ತಿದ್ದಳು.

ಪದ್ಮಿನಿ ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ರೆಕಾರ್ಡಿಂಗಿನ ದನಿಯನ್ನು ತಗ್ಗಿಸಿ ಹೇಳಿದಳು.

“ಎರಡನೆಯ ಡಿಸ್ಕೂ ಸೋತಿದೆ, ಗುರುಗಳೇ. ಅದಕ್ಕೂ ಹೊಸದು ತರಿಸಬೇಕು.”

“ತರಿಸು.”

“ಇವತ್ತು ಹಾಕಿದ್ದೂ ಒಂದು ದಿನ ಹೋಗುತ್ತದೆ.”

“ಹೋಗುತ್ತದೆ.”

“ಹಾಗಾದರೆ ಇದಕ್ಕೆ ಕೊನೆ ಎಲ್ಲಿ?”

“ಹನ್ನೊಂದು ವರ್ಷದ ಕೆಳಗೆ ನಾನು ತಂದಿಟ್ಟ ಯಂತ್ರದ ಭಾಗಗಳಲ್ಲಿ ಈಗ ಏನು ಉಳಿದಿದೆ, ನೋಡಿ ಹೇಳು.”

ಪದ್ಮಿನಿ ಟಾರ್ಚ್ ಹಿಡಿದು ಒಂದೊಂದನ್ನೇ ನೋಡಿದಳು. ಫ್ಯಾನ್ ಎರಡು ಸಲ ಬದಲಾಗಿತ್ತು. ಒಳಗಿನ ಬೋರ್ಡು ಸಿಡಿಲಿಗೆ ಸುಟ್ಟು ಬೇರೆಯದು ಬಂದಿತ್ತು. ಕರೆಂಟು ಕೊಡುವ ಭಾಗ ಹೋದ ಬೇಸಿಗೆಯದು. ನದಿಯ ತೇವಕ್ಕೆ ತುಕ್ಕು ಹಿಡಿದ ಪೆಟ್ಟಿಗೆಯನ್ನೇ ಒಮ್ಮೆ ಎಸೆದಿದ್ದರು.

“ಏನೂ ಇಲ್ಲ, ಗುರುಗಳೇ. ಒಂದು ಸ್ಕ್ರೂ ಕೂಡ ಆವತ್ತಿನದಲ್ಲ.”

ಚಿಕ್ಕತಾಯಮ್ಮ ಕಥೆ ಮುಗಿಸಿ ಇನ್ನೊಮ್ಮೆ ನಕ್ಕಳು. ಗುರುಗಳು ಆ ನಗು ಮುಗಿಯುವವರೆಗೂ ಕೇಳಿಸಿಕೊಂಡರು.

“ಹಾಗಾದರೆ ಬೆಳಗಿನಿಂದ ನೀನು ಕಾದದ್ದು ಯಾವುದನ್ನು?”