ಸಿ ಡ್ರೈವ್ ಕೇಳಿದ ಪಂಚಾಂಗ

ವಿಂಡೋಸ್ ಮನೆಯಲ್ಲೇ ಹುಟ್ಟಿ ಬೆಳೆದ ಹಳೇ ಪಂಚಾಂಗ ಸಾಫ್ಟ್‌ವೇರೊಂದು ಲಿನಕ್ಸ್ ಕಂಪ್ಯೂಟರಿಗೆ ಬಂದಿಳಿದರೆ ಏನಾದೀತು, ಊಹಿಸಿ ನೋಡೋಣ!

ಅಲ್ಲಿನ ಮನೆವಾರ್ತೆ ಲಿನಕ್ಸಿನ ಲಾಂಛನವಾದ ಪೆಂಗ್ವಿನ್ನಿನದು. "ಬೇಗ ಒಳಗೆ ಬಾರಯ್ಯ," ಎಂದಿತು ಅದು. "ಸಂಜೆ ಪಂಚಾಂಗ ಶ್ರವಣಕ್ಕೆ ಜನ ಬರುತ್ತಾರೆ. ಅಷ್ಟರೊಳಗೆ ನೀನು ಬಾಯಿ ಬಿಡದಿದ್ದರೆ ಕಂಪ್ಯೂಟರಿನ ಒಡೆಯ ರಂಗಧಾಮಯ್ಯನವರು ನಿನ್ನನ್ನು ಅಳಿಸಿಯೇ ಹಾಕುತ್ತಾರಂತೆ."

ಪಂಚಾಂಗ ಹೊಸ್ತಿಲಲ್ಲೇ ಕೂತಿತು. "ಅಳಿಸಲಿ! ಸಿ ಡ್ರೈವ್ ಇಲ್ಲದ ಮನೆಯಲ್ಲಿ ಬಾಯಿ ಬಿಡುವುದು ನಮ್ಮ ವಂಶದಲ್ಲೇ ಇಲ್ಲ."

"ನಮ್ಮ ವಂಶದಲ್ಲಿ ಸಿ ಡ್ರೈವೇ ಇಲ್ಲವಲ್ಲೋ ಮಾರಾಯ!" ಪೆಂಗ್ವಿನ್ ತಲೆ ಮೇಲೆ ರೆಕ್ಕೆ ಹೊತ್ತುಕೊಂಡಿತು.

ವಿಂಡೋಸಿನ ಮಾತನ್ನು ಲಿನಕ್ಸಿಗೆ ತಿಳಿಸಿಕೊಡುವ ಆ ಮನೆಯ ದುಭಾಷಿ ಗಿಳಿ ಕಿಸಕ್ಕನೆ ನಕ್ಕಿತು. ಮೂಲೆಯ ಖಾಲಿ ಫೋಲ್ಡರೊಂದನ್ನು ಗುಡಿಸಿ, ಬಾಗಿಲಿಗೆ "ಸಿ ಡ್ರೈವ್" ಎಂದು ಬೋರ್ಡು ನೇತುಹಾಕಿ, "ದಯಮಾಡಿಸಬೇಕು ಸ್ವಾಮಿ," ಎಂದಿತು.

ಪಂಚಾಂಗ ಒಳಹೊಕ್ಕು ಕಣ್ಣರಳಿಸಿತು. "ಆಹಾ, ಎಷ್ಟಾದರೂ ನಮ್ಮ ಮನೆ ನಮ್ಮ ಮನೆಯೇ! ಪೆಂಗ್ವಿನ್ನಣ್ಣ, ಮನೆ ಕಟ್ಟುವುದನ್ನು ನೋಡಿ ಕಲಿ."

ಪೆಂಗ್ವಿನ್ ರೇಗಿ ಕೊಕ್ಕು ತೆರೆಯುವಷ್ಟರಲ್ಲಿ ಗಿಳಿ ಪಿಸುಗುಟ್ಟಿತು: "ಸುಮ್ಮನಿರಣ್ಣ! ಗೋಡೆ ನಮ್ಮದು, ಬೋರ್ಡೂ ನಮ್ಮದು. ಜಂಬ ಅವರದಾಗಿರಲಿ ಬಿಡು, ನಮಗೆ ನಕ್ಷತ್ರ ಹೇಳುವವರು ಬೇಕಲ್ಲ!"

ಹೊರಗೆ ಜನ ಸೇರಿದರು. ಪಂಚಾಂಗ ಗಂಟಲು ಸರಿಮಾಡಿಕೊಂಡು ಊರಿಗೆಲ್ಲ ಕೇಳುವಂತೆ ಓದಿತು: "ಶ್ರೀ ವಿಶ್ವಾವಸು ಸಂವತ್ಸರ, ಚೈತ್ರ ಶುದ್ಧ ಪಾಡ್ಯ, ಭಾನುವಾರ!"